ಒಣಗಿದ ಬೂದು ಬಣ್ಣ

ನೆರೀನಾ,

ಇವತ್ತು ನಿನ್ನ ಮುದ್ದಿನ ಅಳಿಯ ತಾರ್ಚೀಸಿಯೋ ಮಾಡಿದ ಕೆಲಸ ಕೇಳು. ನೀನು ತೀರಿಕೊಂಡ ಮೇಲೆ ಬಂದ ನನ್ನ ಐದನೇ ಹುಟ್ಟುಹಬ್ಬದ ಉಡುಗೊರೆಯಂತೆ. ನಾನು ಬೂದು ಬಣ್ಣದಲ್ಲಷ್ಟೇ ಬರೆದು ಬಿಟ್ಟಿದ್ದ ನಿನ್ನ ಚಿತ್ರವನ್ನು ಹೇಳದೆ ಒಯ್ದು, ಯಾರೋ ವಿದ್ಯಾರ್ಥಿನಿಯಿಂದ ಮೈಬಣ್ಣ ಹಚ್ಚಿಸಿ ತಂದಿದ್ದ. ಕೆನ್ನೆಗಳು ಮಾಂಸದಂಗಡಿಯಲ್ಲಿ ನೇತುಹಾಕಿದ ಹಂದಿ ತೊಡೆಯ ಹಾಗಿದ್ದವು.

"ಅತ್ತೆ ಹೆಣದ ಥರ ಕಾಣ್ತಿದ್ರು ಮಾವ. ಈಗ ನೋಡಿ, ಜೀವ ಬಂತು" ಅಂದ.

"ಅದು ಅಡಿಪದರ ಕಣೋ ಕತ್ತೆ. ಮನೆಗೆ ಪಾಯ ಹಾಕಿದ ಹಾಗೆ."

ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಹಸಿ ಬಣ್ಣವೆಲ್ಲ ಬಂತು. ಹನ್ನೊಂದು ವರ್ಷದ ಬೂದು ಅಲುಗಲಿಲ್ಲ. ಮತ್ತೆ ನೀನೇ ಕೂತಿದ್ದೆ.

"ಹಾಗಾದ್ರೆ ಸರಿಯಾದ ಬಣ್ಣ ನೀವೇ ಹಚ್ಕೊಳ್ಳಿ" ಎಂದು ಸಿಡುಕಿ ಹೋದ.

ಬಣ್ಣದ ಹಲಗೆ ಹಿಡಿದು ಕೂತೆ. ನಾನು ಚಿತ್ರ ಬರೆದುಕೊಟ್ಟ ಫ್ಲಾರೆನ್ಸಿನ ಅರ್ಧದಷ್ಟು ವಕೀಲರ ಕೆನ್ನೆಯ ಬಣ್ಣವನ್ನು ಕಣ್ಣು ಮುಚ್ಚಿ ಬೆರೆಸಬಲ್ಲೆ. ನಿನ್ನ ಕೆನ್ನೆಗೆ ಕೆಂಪು ಹಾಕಬೇಕೋ ಹಳದಿ ಹಾಕಬೇಕೋ ತೋಚಲಿಲ್ಲ. ಕುಂಚ ತೊಳೆದಿಟ್ಟೆ.

ಅವತ್ತು ನೀನು ಕುರ್ಚಿಯಿಂದ ಎದ್ದಾಗ ನಾನು ಹೇಳಿದ್ದೆ, ಇದು ಒಣಗಲಿ, ಬಣ್ಣ ಹಚ್ಚುವಾಗ ಮತ್ತೆ ಕೂರುವೆಯಂತೆ ಎಂದು. ಎರಡು ವಾರದಲ್ಲಿ ಒಣಗಿತ್ತು. ಆಮೇಲೆ ಆರು ವರ್ಷ ನೀನು ಈ ಮನೆಯಲ್ಲೇ ಇದ್ದೆ.