ಮುನಿರತ್ನಮ್ಮತ್ತೆಯ ಕಾಲಿನ ಹೊರೆಯಾಳುಗಳು

ಫೆಬ್ರುವರಿ ಮೂವತ್ತು, ಕ್ರಿಸ್ತಶಕ ಎರಡು ಸಾವಿರದ ಆರುನೂರ ಹನ್ನೊಂದು
ಆಳೂರು, ಕೋಲಾರದ ಹಳೆಯ ಚಿನ್ನದ ಗಣಿಯೊಳಗಿಂದ

ಸೂರ್ಯನನ್ನು ದಿನವೂ ಪುಕ್ಕಟೆಯಾಗಿ ಕಂಡ ಭಾಗ್ಯಶಾಲಿಗಳೂ, ಛತ್ರಿ ಮರೆತು ನೆನೆದು ಬಂದ ಮಹಾಮಹಿಮರೂ, ಸ್ವಂತ ಕಾಲುಗಳ ಮೇಲೆ ನಿಂತು ಬಸ್ಸು ಕಾದ ಸಹನಾಮೂರ್ತಿಗಳೂ, ನನ್ನ ಮುತ್ತಜ್ಜಂದಿರಿಗೆ ಮುತ್ತಜ್ಜಂದಿರೂ ಮುತ್ತಜ್ಜಿಯರೂ ಆದ ತಮ್ಮೆಲ್ಲರ ದಿವ್ಯ ಸನ್ನಿಧಾನಕ್ಕೆ, ಚೌಡೇಶನೆಂಬ ಹದಿನೇಳರ ಅಲ್ಪಪ್ರಾಣಿಯು ಗಣಿಯ ತಳದಲ್ಲಿ ಉದ್ದಂಡ ಬಿದ್ದು ಮಾಡಿಕೊಳ್ಳುವ ಬಿನ್ನಹ.

ದಿನಾಂಕ ನೋಡಿ ನಗಬೇಡಿ. ಫೆಬ್ರುವರಿಗೆ ನ್ಯಾಯ ದೊರಕಿ ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಮಾತುಗಳೂ ನಮಗೆ ಹಾಗೇ ಕೇಳಿಸುತ್ತವೆ, ನಾವು ದೂರು ಹೇಳಿಲ್ಲ.

ನೆಲದ ಮೇಲೆ ಬಿಸಿಲು ತಾಳಲಾರದಂತಾದಾಗ ನಮ್ಮ ಹಿರಿಯರು, ನೀವು ಅಗೆದು ಬಿಟ್ಟುಹೋದ ಸುರಂಗಗಳಿಗೆ ಇಳಿದರು. ಒಂದು ಚೂರು ಚಿನ್ನವನ್ನೂ ಉಳಿಸಿರಲಿಲ್ಲವಲ್ಲ ನೀವು, ಇರಲಿ. ಇಲ್ಲಿ ನಮಗೆ ತೂಗುಗದ್ದೆಗಳಿವೆ. ತೂಗುಗದ್ದೆಯೆಂದರೆ ಬಾವಿಯಂಥ ಸುರಂಗದ ಗೋಡೆಗೆ ತಟ್ಟೆ ತಟ್ಟೆಯಾಗಿ ನೇತುಹಾಕಿದ ರಾಗಿಯ ಹೊಲ. ಅದಕ್ಕೆ ಬಿಸಿಲು ದೀಪಗಳಿಂದ. ದೀಪಗಳ ಧೂಳು ಒರೆಸಲು ಯಾರಾದರೂ ಬರಿಗಾಲಲ್ಲಿ ಉದ್ದುದ್ದ ಏಣಿ ಹತ್ತಬೇಕು. ಕೆಳಗೆ ನೋಡಿದರೆ ತಲೆ ತಿರುಗುವುದರಿಂದ, ಮೆಟ್ಟಿಲು ಸಿಕ್ಕಿತೋ ಇಲ್ಲವೋ ಎಂಬುದನ್ನು ಕಾಲ್ಬೆರಳೇ ಹೇಳಬೇಕು. ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಮುನಿರತ್ನಮ್ಮ ಆ ಕೆಲಸದವರು. ಅವರು ದೀಪ ಒರೆಸಿದ ದಿನ ರಾಗಿಯೂ ಸ್ವಲ್ಪ ಹೆಚ್ಚು ನೆಟ್ಟಗೆ ನಿಂತಂತೆ ಕಾಣುತ್ತದೆ.

ನಿಮ್ಮ ಪಂಡಿತರು ಕೈನೆಸಿನ್ ಎಂದು ಕರೆದ ಪ್ರೋಟೀನನ್ನು ನಾವು ಹೊರೆಯಾಳು ಅನ್ನುತ್ತೇವೆ. ನೀವು ಈ ಸಾಲು ಓದುತ್ತಿರುವಾಗಲೂ ಅದು ನಿಮ್ಮೊಳಗೆ ನಡೆಯುತ್ತಿದೆ. ನರಕೋಶದ ಮನೆ ಇರುವುದು ಬೆನ್ನುಮೂಳೆಯ ಪಕ್ಕ, ಅದರ ಬಾಲ ಚಾಚಿರುವುದು ಕಾಲ್ಬೆರಳಿನವರೆಗೆ. ಸಾಮಾನು ತಯಾರಾಗುವುದು ಮನೆಯಲ್ಲಿ, ಬೇಕಾಗುವುದು ತುದಿಯಲ್ಲಿ. ಬಾಲದೊಳಗೆ ಉದ್ದಕ್ಕೂ ಕೊಳವೆಗಳ ದಾರಿ. ಹೊರೆಯಾಳು ತನಗಿಂತ ಎಷ್ಟೋ ದೊಡ್ಡ ಮೂಟೆ ಹೊತ್ತು, ಆ ಕೊಳವೆಯ ಮೇಲೆ ಒಂದು ಪಾದ ಊರಿ ಇನ್ನೊಂದನ್ನು ಬೀಸಿ, ಹೆಜ್ಜೆಗೊಂದು ಎಟಿಪಿ ಎಂಬ ಶಕ್ತಿಕಣ ಖರ್ಚು ಮಾಡಿಕೊಂಡು ಸಾಗುತ್ತದೆ. ಒಂದು ಆಳು ಕಳಚಿಕೊಂಡರೆ ಇನ್ನೊಂದು ಮೂಟೆಗೆ ಹೆಗಲು ಕೊಡುತ್ತದೆ. ಬೆರಳು ಮುಟ್ಟಲು ದಿನಗಳೇ ಹಿಡಿಯುತ್ತವೆ. ತುದಿಯಿಂದ ಕಸವನ್ನೂ ಸುದ್ದಿಯನ್ನೂ ಹೊತ್ತು ಹಿಂದಿರುಗುವುದು ಮರಳಾಳು, ನಿಮ್ಮ ಡೈನೀನ್. ಈ ನಡಿಗೆ ಕೆಟ್ಟರೆ ಮೂಟೆಗಳು ದಾರಿಯಲ್ಲೇ ರಾಶಿ ಬಿದ್ದು ನರ ಅಲ್ಲಲ್ಲಿ ಊದಿಕೊಳ್ಳುತ್ತದೆ, ತುದಿ ಉಪವಾಸ ಬೀಳುತ್ತದೆ. ಎಲ್ಲಕ್ಕಿಂತ ದೂರದ ಊರು ಕಾಲ್ಬೆರಳು. ಬರಗಾಲ ಮೊದಲು ಅಲ್ಲಿಗೆ. ಬೇಗ ತಿಳಿದರೆ ನಮ್ಮ ವೈದ್ಯರು ಕೊಳವೆದಾರಿಯನ್ನು ರಿಪೇರಿ ಮಾಡಬಲ್ಲರು. ತುದಿ ಸತ್ತ ಮೇಲೆ ಅವರೂ ಕೈಚೆಲ್ಲುತ್ತಾರೆ.

ಬೇಗ ತಿಳಿಯಲೆಂದೇ ನಮ್ಮಲ್ಲಿ ನಡಿಗೆಹಬ್ಬವಿದೆ. ವರ್ಷಕ್ಕೊಮ್ಮೆ, ಊಟಕ್ಕೆ ಮುಂಚೆ, ಮನೆಮಂದಿಯೆಲ್ಲ ಸೇರಿ ಒಬ್ಬೊಬ್ಬರಾಗಿ ಒಳಗನ್ನಡಿಗೆ ಕಾಲೊಡ್ಡುತ್ತೇವೆ. ಚರ್ಮ ಕೊಯ್ಯದೆ ಒಳಗಿನ ಆಳುಗಳ ನಡಿಗೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವ ಯಂತ್ರ ಅದು. ಹಬ್ಬವೆಂದ ಮೇಲೆ ಕಾಲೆಳೆಯುವುದು ಇದ್ದೇ ಇದೆ. "ನೋಡ್ರೇ, ಇವನ ಆಳೂ ಇವನ ಹಂಗೇ, ಮೂಟೆ ಇಳಿಸಿ ನಿದ್ದೆ ಮಾಡೋಕೆ ಜಾಗ ಹುಡುಕ್ತಾ ಐತೆ" ಎಂದು ಅತ್ತೆಯ ಗಂಡ ಪಿಳ್ಳಪ್ಪ ಮಾವ ನನ್ನನ್ನು ಪ್ರತಿವರ್ಷ ಸನ್ಮಾನಿಸುತ್ತಾರೆ. ಅದಕ್ಕೇ ಹೋದ ವರ್ಷ ನಾನು ಒಳಗನ್ನಡಿಗೆ ನನ್ನದೇ ಚಿತ್ರಗಳನ್ನು ತುರುಕಿ, ಮಾವನ ಹೊರೆಯಾಳುಗಳಿಗೆಲ್ಲ ಪೇಟ ತೊಡಿಸಿ ಸಾಲಾಗಿ ಕುಣಿಸಿದ್ದೆ. ಮಾವ ಭಕ್ತಿಯಿಂದ ಎದ್ದು ಕೈಮುಗಿದರು. ಆ ಒಂದು ಕೀರ್ತಿಯ ಮೇಲೆ ನಾನು ಇಡೀ ವರ್ಷ ಬದುಕಿದೆ.

ಈ ವರ್ಷ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬಳಿ ಏನೂ ಇರಲಿಲ್ಲ. ಏನೂ ಹೊಳೆದಿರಲಿಲ್ಲ. ಆಗ ಅತ್ತೆ ಕಾಲೊಡ್ಡಿದರು. ಗೋಡೆಯ ಮೇಲೆ ಮೂಟೆಗಳ ರಾಶಿ ಕಂಡಿತು. ಆಳುಗಳು ದಾರಿ ತುಂಬ ಒಂದು ಪಾದ ಎತ್ತಿ ಹಾಗೇ ನಿಂತಿದ್ದವು. ಕೆಲವು ನಿಂತಲ್ಲೇ ತೂರಾಡುತ್ತಿದ್ದವು. ಮರುಕ್ಷಣ ಪಿಳ್ಳಪ್ಪ ಮಾವ, "ಲೋ ಚೌಡಾ, ಈ ಸಲ ಮುಷ್ಕರ ಮಾಡಿಸಿಬಿಟ್ಯೇನೋ!" ಎಂದರು. ಮನೆ ಹಾರಿಹೋಗುವಂತೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆ: "ಇವನ ಮುಖಕ್ಕಿಷ್ಟು ಮಸಿ ಬಳಿಯ, ಕೊನೆಗೆ ನನ್ನ ಕಾಲಿಗೇ ಬಂದ್ಯಾ?"

ಅದು ನನ್ನ ಕೆಲಸವಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಲು ಬಾಯಿ ತೆರೆದೆ. ಆದರೆ ಅಷ್ಟು ಒಳ್ಳೆಯ ತಮಾಷೆ ನನಗೆ ಹೊಳೆಯಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಮೊದಲು ಬಂತು. ಪೂಜ್ಯರೇ, ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ ವಂದಿಸಿದೆ. ಚಪ್ಪಾಳೆ ಬಿತ್ತು. ಅತ್ತೆ ಕಾಲು ಹಿಂದಕ್ಕೆಳೆದುಕೊಂಡರು, ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ನಾನು ತಿಂದೆ.

ಆಮೇಲೆ ನಡೆದದ್ದೆಲ್ಲ ನನ್ನ ಲೆಕ್ಕಕ್ಕೇ ಸೇರುತ್ತಿದೆ. ಮೊನ್ನೆ ಏಣಿಯಲ್ಲಿ ಅತ್ತೆಯ ಕಾಲು ಜಾರಿತು. ಕೈ ಭದ್ರವಾಗಿದ್ದದ್ದಕ್ಕೆ ಉಳಿದರು. ಇಳಿದು ಬಂದವರೇ, "ಮೆಟ್ಟಿಲಿಗೆ ಎಣ್ಣೆ ಸವರಿದ್ದು ನೀನೇ ತಾನೆ ಕಳ್ಳಾ?" ಎಂದು ನನ್ನ ಕಿವಿ ಹಿಂಡಿದರು. ನಿನ್ನೆ ದಣಿದ ಕಾಲನ್ನು ಬಿಸಿನೀರಿನಲ್ಲಿಟ್ಟುಕೊಂಡು, "ತಣ್ಣೀರು ಕೊಟ್ಟು ಆಟ ಆಡಿಸ್ತೀಯಾ, ಬಿಸಿಯೇ ಇಲ್ವಲ್ಲೋ" ಎಂದರು. ನಾನು ಕೈ ಅದ್ದಿ ನೋಡಿದೆ. ಚುರ್ ಎಂದಿತು. ಕೈ ತೆಗೆಯದೆ ಹಲ್ಲುಕಿರಿದೆ. ಅವರ ಪಾದ ಬೆಂದು ಕೆಂಪಾಗಿತ್ತು, ಅವರು ನನ್ನನ್ನು ನೋಡಿ ನಗುತ್ತಲೇ ಇದ್ದರು. ಅವರ ಕಾಲಿಗೆ ಏನೇ ಆದರೂ ಚೌಡೇಶ ಮಾಡಿದ್ದು. ನಾನು ಆ ಮನೆಯಲ್ಲಿರುವವರೆಗೆ ಅವರಿಗೆ ಕಾಯಿಲೆಯೇ ಬರುವಂತಿಲ್ಲ.

ಆದ್ದರಿಂದ ತಮ್ಮ ಪಾದಾರವಿಂದಗಳಲ್ಲಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲಿ ಯಾರಾದರೂ ಕಾಲು ಜೋಮೆನ್ನುತ್ತದೆ, ನೀರು ಬಿಸಿಯೋ ತಣ್ಣಗೋ ತಿಳಿಯುವುದಿಲ್ಲ ಎಂದರೆ ನಗಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ನಿಮ್ಮದಲ್ಲದ ತಮಾಷೆಗೆ ಚಪ್ಪಾಳೆ ಬಿದ್ದರೆ ಕೂತಲ್ಲೇ ಕೂತಿರಿ, ಎದ್ದು ವಂದಿಸಬೇಡಿ.

ಇನ್ನೊಂದು ಸಣ್ಣ ಮಾತು. ಇದನ್ನೆಲ್ಲ ನಾನು ಅತ್ತೆಗೆ ಇನ್ನೂ ಹೇಳಿಲ್ಲ. ನಿಮಗೆ ಮೊದಲು ಬರೆದದ್ದು, ನೀವೆಲ್ಲ ಸತ್ತುಹೋಗಿ ನೂರಾರು ವರ್ಷಗಳಾಗಿರುವುದರಿಂದ, ಬೈಯುವವರಿಲ್ಲ, ಅಳುವವರಿಲ್ಲ. ಈ ಸಾಲು ಮುಗಿಸಿ ಏಳಬೇಕು. ಅತ್ತೆ ಏಣಿಯ ಕಡೆ ಹೊರಟು ಹೊಸ್ತಿಲಲ್ಲಿ ನಿಂತಿದ್ದಾರೆ, ಚಪ್ಪಲಿ ಎಲ್ಲಿ ಬಚ್ಚಿಟ್ಟೆಯೋ ಎಂದು ನಗುನಗುತ್ತಾ ಕೂಗುತ್ತಿದ್ದಾರೆ. ಅವು ಅವರ ಕಾಲಲ್ಲೇ ಇವೆ.