ಬಿ ಟಬ್ಬಿನ ಪಾಲಕ್

ಆಗಸ್ಟ್ 25, ಬೆಳಗ್ಗೆ 7
ಎಣಿಸಿದೆ. ಕಾಲೇಜಿನ ಹಿತ್ತಲಲ್ಲಿ ನಮ್ಮ ಮೂರು ಟಬ್ಬು. ಎ — ಹತ್ತು ಗೊದಮೊಟ್ಟೆ. ಬಿ — ಅರವತ್ತು. ಸಿ — ಅರವತ್ತರ ಜೊತೆ ಒಂದು ಏರೋಪ್ಲೇನ್ ಚಿಟ್ಟೆಯ ಮರಿ. ನೀರಲ್ಲಿ ಅಡಗಿ ಕೂತು ಗೊದಮೊಟ್ಟೆಗಳನ್ನು ಹಿಡಿದು ತಿನ್ನುತ್ತದೆ. ಮೂರಕ್ಕೂ ದಿನಕ್ಕೊಂದೇ ಚಮಚ ಬೇಯಿಸಿದ ಪಾಲಕ್. ಪಾರ್ಟ್‌ನರ್ ಪ್ರಣೀತಾ, ಇಲ್ಲಿಯದೇ ದ್ವಾರಕಾ ಬಡಾವಣೆಯವಳು. ಡಿಸೆಂಬರ್ ಫೀಲ್ಡ್ ಕ್ಯಾಂಪಿಗೆ ಜೋಡಿಗೆ ಒಂದೇ ಸೀಟು. ನನಗೆ ಬೇಕು. ಯಾವ ಲಿಸ್ಟಿನಲ್ಲೂ ಇವತ್ತಿನವರೆಗೆ ನನ್ನ ಹೆಸರು ಬಂದಿಲ್ಲ.

ಆಗಸ್ಟ್ 31
ಸಿ — ಈಗ ಮೂವತ್ತೆರಡೇ. ತಿನ್ನಿಸಿಕೊಳ್ಳದೆ ಉಳಿದವು ಗುಂಡಗಾಗಿವೆ. ತಿನ್ನುವ ಬಾಯಿ ಕಡಿಮೆಯಾದರೆ ಹಾಗೇ, ಎಂದರು ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುವ ಏಕನಾಥ ಸರ್. ಬಿ — ಒಂದೂ ಸತ್ತಿಲ್ಲ, ಒಂದೂ ಬೆಳೆದಿಲ್ಲ. ಪಾಲಕ್ ಬಿದ್ದರೆ ಒಂದರ ಮೇಲೊಂದು...
ಐದನೇ ಕ್ಲಾಸಿನಿಂದ ಹಾಸ್ಟೆಲ್ ನನಗೆ. ಮೆಸ್‌ಗೆ ಲೇಟಾದರೆ ದಾಲ್ ಇಲ್ಲ, ದಾಲ್ ಪಾತ್ರೆ ತೊಳೆದ ನೀರು.
ಬಿಗೆ ಇನ್ನೊಂದು ಚಮಚ ಹಾಕಿದೆ. ಇವತ್ತು ಮಾತ್ರ.

ಸೆಪ್ಟೆಂಬರ್ 9
ದಿನಾ ಹಾಕುತ್ತಿದ್ದೇನೆ. ರೆಕಾರ್ಡ್‌ನಲ್ಲಿ ಬರೆದಿಲ್ಲ. ಮೊದಲು ಚಮಚ ಕಂಡರೆ ಚದುರುತ್ತಿದ್ದವು, ಈಗ ಮುತ್ತಿಕೊಳ್ಳುತ್ತವೆ.
ಪ್ರಣೀತಾ ಬಗ್ಗಿ ನೋಡಿದಳು. "ಅರೇ ರಶ್ಮಿತಾ, ಬಿಯವು ಇಷ್ಟು ಮೋಟಾ ಹೇಗಾದ್ವು? ಎಕ್ಸ್‌ಟ್ರಾ ಕೊಟ್ಯಾ?"
ಸುಳ್ಳು ಬಾಯಿಗೆ ಬರಲಿಲ್ಲ. "ಹಸಿದಿದ್ವು."
"ಪಾಗಲ್! ಹಸಿವೇ ತಾನೇ ನಮ್ಮ ಎಕ್ಸ್‌ಪೆರಿಮೆಂಟು?" ನಕ್ಕಳು. "ಚಲೋ, ಸರ್‌ಗೆ ಹೇಳಲ್ಲ. ಪ್ರಾಮಿಸ್."
ತನ್ನ ಟಿಫಿನ್‌ನಿಂದ ಅರ್ಧ ಪರಾಠಾ ಮುರಿದುಕೊಟ್ಟಳು. ತಿಂದೆ.

ಸೆಪ್ಟೆಂಬರ್ 16
ಹೇಳಿದ್ದಾಳೆ. ಸೀಟು ಅವಳದು.
ಸರ್ ದನಿ ಕೂಡ ಏರಿಸಲಿಲ್ಲ. "ಪಾಪ ಅಂತ ಬಡಿಸೋಕೆ ಇದು ನಿಮ್ಮಪ್ಪನ ಹೋಟೆಲ್ ಅಲ್ಲಮ್ಮ."
ಘಾಜಿಯಾಬಾದ್‌ನಲ್ಲಿ ಅಪ್ಪನ ದೋಸೆ ಹೋಟೆಲ್ ಇದೆಯೆಂದು ಈ ಕಾಲೇಜಿನಲ್ಲಿ ನಾನು ಹೇಳಿದ್ದು ಒಬ್ಬಳಿಗೇ.
ಕಾರಿಡಾರ್‌ನಲ್ಲಿ ಸಿಕ್ಕಳು. "ಸಾರಿ ಯಾರ್. ಇಬ್ರೂ ಮುಳುಗೋದು ಬೇಡ ಅಂತ..."
ಅಮ್ಮನ ಫೋನ್ ಬಂತು. ಎತ್ತಲಿಲ್ಲ. "ಊಟ ಆಯ್ತಾ" ಎಂದೇ ಶುರು ಮಾಡುತ್ತಾಳೆ.

ಸೆಪ್ಟೆಂಬರ್ 18, ಬೆಳಗ್ಗೆ 7
ಬಿ ಡೇಟಾ ರದ್ದು. ಹೊಸ ಅರವತ್ತು ಬರುತ್ತವೆ. ಹಳೆಯವು ಲ್ಯಾಬಿನಲ್ಲಿ ಸಾಕಿರುವ ಹನ್ನೆರಡು ಏರೋಪ್ಲೇನ್ ಚಿಟ್ಟೆಮರಿಗಳಿಗೆ.
"ಚೆನ್ನಾಗಿ ಕೊಬ್ಬಿವೆ, ಒಳ್ಳೇ ಫೀಡ್" ಎಂದಳು ಪ್ರಣೀತಾ. ಕೊಬ್ಬಿಸಿದ್ದು ನಾನು. ಹಾಕುವ ಕೆಲಸವೂ ನನಗೇ.
ಅವನ್ನು ಎತ್ತಲು ಚಮಚ ಇಳಿಸಿದೆ. ಒಂದೂ ಚದುರಲಿಲ್ಲ. ಪಾಲಕ್ ಎಂದುಕೊಂಡು ಎಲ್ಲವೂ ಮೇಲೆ ಬಂದವು. ಎಣಿಸಿದೆ — ಒಂದು, ಎರಡು... ಮೂರನೆಯದಕ್ಕೆ ಹಿಂಗಾಲು ಮೂಡಿತ್ತು.