ಹೋಗ್ತೀನಿ ಅನ್ನದ ಬೀದಿ

ಮಾರ್ಚ್ 3. ಬೆಳಿಗ್ಗೆ 6.

ನಿನ್ನೆ ಒಗೆದ ಬೆಡ್‌ಶೀಟ್ ಹನ್ನೆರಡು. ಸೊಸೆ ಮಡಚಿಟ್ಟಿದ್ದಳು. ಅಂಚಿಗೆ ಅಂಚು ಕೂಡಿರಲಿಲ್ಲ. ಬಿಚ್ಚಿ ಮತ್ತೆ ಮಡಚಿದೆ. ಅವಳಿಗೆ ಅರ್ಥವಾಯಿತು.

ಹತ್ತಕ್ಕೆ ಪ್ರವಾಸೋದ್ಯಮ ಇಲಾಖೆಯ ಟ್ರೇನಿಂಗ್, ನಮ್ಮ ಹಜಾರದಲ್ಲೇ. ಹೊಳೆ ಬೀದಿಯ ಒಂಬತ್ತು ಮನೆ, ಆರು ಅಂಗಡಿ. ನಾವೆಲ್ಲ ಟೂರಿಸ್ಟರನ್ನು ಇಳಿಸಿಕೊಳ್ಳಲು ತಯಾರಾದರೆ ಹೊಸ ಮೋಟಾರು ದೋಣಿ, ಲಾಂಚ್, ನಮ್ಮ ಹೊಳೆಕಟ್ಟೆಗೆ ಬಂದು ನಿಲ್ಲುತ್ತದೆ. ಇಲ್ಲದಿದ್ದರೆ ಆಚೆ ದಡಕ್ಕೆ. ಸೇತುವೆ ಬಂದ ಮೇಲೆ ಈ ಬೀದಿಯನ್ನು ಎಲ್ಲರೂ ಮರೆತರು. ಇನ್ನೊಂದು ಸಲ ಮರೆಯಲು ಬಿಡುವವಳಲ್ಲ ನಾನು. ಅದಕ್ಕೇ ನನ್ನನ್ನು ಬೀದಿ ಸಮಿತಿಗೆ ಅಧ್ಯಕ್ಷೆ ಮಾಡಿದ್ದು. ಬೇರೆ ಹೆಸರು ಹೇಳಲು ಯಾರಿಗೆ ನಾಲಿಗೆ ಏಳಬೇಕು?

ಅದೇ ದಿನ, ಮಧ್ಯಾಹ್ನ 2.

ಇಲಾಖೆಯಿಂದ ಬಂದವಳು ಎಳೆಯ ಹುಡುಗಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫಾರ್ಮ್. ಬಾತ್‌ರೂಮ್ ನೋಡಿದಳು. ಮಂಚದ ಕೆಳಗೆ ಬಗ್ಗಿದಳು. ಕಿಟಕಿ ಸಂದಿಯಲ್ಲಿ ಬೆರಳಾಡಿಸಿದಳು. ಹೋದ ಬೆರಳು ಹೋದ ಹಾಗೇ ಬಂತು. ನಮ್ಮ ಮನೆಯಲ್ಲಿ ಕೂರಲು ಧೂಳಿಗೂ ಧೈರ್ಯ ಬೇಕು.

ಎಲ್ಲಕ್ಕೂ ಐದಕ್ಕೆ ಐದು. ಕೊನೆಗೆ 'ಮುಖದಲ್ಲಿ ನಗು' ಅಂತ ಒಂದು ಸಾಲು. ಐದಕ್ಕೆ ಒಂದು!

"ಅಜ್ಜಿ, ನೀವು ಸ್ವಲ್ಪ ನಗಬೇಕು."

"ನಗು ಬಂದ್ರೆ ನಗ್ತೀನಿ. ನಾನೇನು ಬಟ್ಟೆ ಅಂಗಡಿ ಬೊಂಬೆನಾ?"

ಹಿಂದಿನ ಸಾಲಿನಿಂದ ಪಂಪ್ — ಸೈಕಲ್ ಶಾಪಿನವನು, ಅಸಲು ಹೆಸರು ಅವನಿಗೇ ಮರೆತಿದೆ — ಬಾಯಿ ಹಾಕಿದ: "ದೊಡ್ಡಮ್ಮ ನಕ್ಕರೆ ನಮಗೆ ಭಯ ಆಗುತ್ತೆ ಮೇಡಂ. ಹೀಗೇ ಇರ್ಲಿ ಬಿಡಿ."

ಹಜಾರವೆಲ್ಲ ನಕ್ಕಿತು. ಆ ನಗುವನ್ನು ನನ್ನ ಹೆಸರಿಗೆ ಬರೆದುಕೊಳ್ಳಬಹುದಿತ್ತು ಅವಳು.

ಮುಖ್ಯ ವಿಷಯ: ತಿಂಗಳೊಳಗೆ ಇಬ್ಬರು ಟೂರಿಸ್ಟರ ಹಾಗೆ ಪರೀಕ್ಷೆಗೆ ಬರುತ್ತಾರೆ. ನಮ್ಮ ಭಾಷೆ ಬಾರದವರು. ಯಾವ ದಿನ ಅಂತ ಹೇಳುವುದಿಲ್ಲವಂತೆ. ಅವರು ಒಪ್ಪಿದರೆ ಲಾಂಚ್.

ಮಾರ್ಚ್ 5

ಎಲ್ಲರೂ ಕಲಿಯಬೇಕಾದ ಇಂಗ್ಲಿಷ್ ವಾಕ್ಯಗಳ ಪಟ್ಟಿ ನಾನೇ ಬರೆದೆ. ಇಪ್ಪತ್ತೈದು. ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ನಾನೇ ಮೊದಲು. ವೆಲ್‌ಕಮ್. ಪ್ಲೀಸ್ ಸಿಟ್. ಹಾಟ್ ವಾಟರ್ ರೆಡಿ. ಹೊರಡುವಾಗ ಹೇಳುವ 'ಬರ್ತೀನಿ'ಗೆ — ಐ ಕಮ್.

ಸೊಸೆ ಇಣುಕಿದಳು. ಕಾಲೇಜು ಓದಿದವಳು.

"ಅತ್ತೆ, ಇದು ಐ ಗೋ ಆಗ್ಬೇಕು. ಇಲ್ಲಾಂದ್ರೆ ಗುಡ್ ಬೈ."

"ಈ ಮನೇಲಿ ಯಾರಾದ್ರೂ 'ಹೋಗ್ತೀನಿ' ಅಂದದ್ದು ಕೇಳಿದ್ದೀಯಾ?"

"ಇಲ್ಲ ಅತ್ತೆ. ಆದ್ರೆ ಅವರಿಗೆ..."

"ಇಂಗ್ಲಿಷಲ್ಲಿ ಅಂದ ಮಾತ್ರಕ್ಕೆ ಅಪಶಕುನ ಶಕುನ ಆಗಿಬಿಡುತ್ತಾ?"

ಹದಿನೈದು ಪ್ರತಿ ಜೆರಾಕ್ಸ್ ಮಾಡಿಸಿ ಹಂಚಿದೆ.

ಮಾರ್ಚ್ 14. ಸಂಜೆ.

ದಿನಾ ನಾಲ್ಕಕ್ಕೆ ಅಭ್ಯಾಸ. ಕ್ಷೌರದ ಅಂಗಡಿಯವನು ಕತ್ತರಿ ಹಿಡಿದು 'ಹಾಟ್ ವಾಟರ್ ರೆಡಿ' ಎಂದರೆ ಕೊಲೆ ಬೆದರಿಕೆಯ ಹಾಗೆ ಕೇಳಿಸುತ್ತದೆ. ಕತ್ತರಿ ಕೆಳಗಿಡಿಸಿ ಹತ್ತು ಸಲ ಹೇಳಿಸಿದೆ. ಬೇಕರಿಯವನ ಹೆಂಡತಿ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಈಗ 'ಐ ಕಮ್' ಎಂದರೆ ಹೊಳೆಯಾಚೆಗೂ ಕೇಳಬೇಕು.

ಕಟ್ಟೆಯ ಮೆಟ್ಟಿಲು ಉಜ್ಜಿದ್ದೇವೆ. ಕಂಬಿಗೆ ನೀಲಿ ಬಣ್ಣ. ತಲೆಬಾಗಿಲುಗಳಿಗೆಲ್ಲ ಹೊಸ ಬೋರ್ಡು. ಬೀದಿಯ ಆ ತುದಿಯಲ್ಲಿ ನಿಂತು ನೋಡಿದೆ. ಎದೆ ಉಬ್ಬಿತು. ಯಾರಿಗೂ ತೋರಿಸಲಿಲ್ಲ. ಹೊಗಳಿದರೆ ಕೈ ಸಡಿಲಾಗುತ್ತದೆ.

ಮಾರ್ಚ್ 19. ಮಧ್ಯಾಹ್ನ 1.

ಬಂದರು. ಗಂಡ ಹೆಂಡತಿ, ಅರವತ್ತು ದಾಟಿದವರು, ಬೆನ್ನಿಗೆ ಚೀಲ, ಕಾಲಿಗೆ ದೊಡ್ಡ ಬೂಟು. ಗುಟ್ಟಂತೆ ಗುಟ್ಟು! ಮೂರು ವರ್ಷದಲ್ಲಿ ದಾರಿ ತಪ್ಪದೆ ಈ ಬೀದಿಗೆ ಬಂದ ಹೊಸಬರು ಇವರಿಬ್ಬರೇ.

ತಂಗಲು ನಮ್ಮ ಮನೆಗೇ ಬಂದರು. ಕೋಣೆ, ಬಿಸಿನೀರು, ಟವೆಲ್ ಎಲ್ಲ ತೋರಿಸಿದೆ. ಆಕೆ ಬೆಡ್‌ಶೀಟಿನ ಅಂಚು ಮುಟ್ಟಿ ನೋಡಿದಳು. ನೋಡಲಿ. ಬಾಗಿಲಲ್ಲಿ ನಿಂತು ಸ್ಪಷ್ಟವಾಗಿ 'ಐ ಕಮ್' ಎಂದು ಹೇಳಿ ಇಳಿದು ಬಂದೆ. ಇಬ್ಬರೂ ತಲೆಯಾಡಿಸಿದರು. ನಾಲ್ಕಕ್ಕೆ ಕಟ್ಟೆಯಲ್ಲಿ ದೋಣಿ ಕಾದಿರುತ್ತದೆ, ಹೊಳೆ ಸುತ್ತಿಸಲು.

ಅದೇ ದಿನ, ಸಂಜೆ 6.

ಎಲ್ಲ ಹಾಳಾಯಿತು.

ಮೂರರವರೆಗೂ ಅವರು ಕೋಣೆ ಬಿಟ್ಟು ಕದಲಲಿಲ್ಲ. ನಿದ್ದೆ ಎಂದುಕೊಂಡೆ. ಆಮೇಲೆ ಇಳಿದು ಹೋಗಿ ಕ್ಷೌರದ ಅಂಗಡಿ ಹೊಕ್ಕರು. ಗಂಡಸು ತಲೆಗೂದಲು ಕತ್ತರಿಸಿಕೊಂಡ. ಅಂಗಡಿಯವನು ಬಾಗಿಲವರೆಗೂ ಬಂದು 'ಐ ಕಮ್' ಎಂದು ಒಳಗೆ ಹೋದ. ಅವರು ಅಲ್ಲೇ ನಿಂತರು. ಅವನು ಬರಲಿಲ್ಲ. ಪಂಪ್ ಎರಡು ಸೈಕಲ್ ಒರೆಸಿ ಕೊಟ್ಟು 'ಐ ಕಮ್' ಎಂದು ಟೀ ಕುಡಿಯಲು ಹೊರಟ. ಅವರು ಅವನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತರು. ದೋಣಿಯವನು ಐದರವರೆಗೆ ಕಾದು ಹಗ್ಗ ಕಟ್ಟಿದ.

ವಾಪಸ್ಸು ಬಂದಾಗ ಇಬ್ಬರ ಮುಖವೂ ಬಿಗಿದಿತ್ತು. ಸೊಸೆ ವಿಚಾರಿಸಿ ಬಂದಳು.

"ಅತ್ತೆ... ಮಧ್ಯಾಹ್ನ ಬೂಟು ಹಾಕ್ಕೊಂಡೇ ಮಂಚದ ಮೇಲೆ ಕೂತಿದ್ರಂತೆ. ನೀವು ಬರ್ತೀರಿ ಅಂತ."

ಆ ಬೂಟಿನ ಹೆಂಗಸಿನ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಇವಳ ಕಣ್ಣಿಗೆ ಬಿದ್ದಿದೆ: ಒಳ್ಳೆಯ ಜನ, ಆದರೆ ಎಲ್ಲರೂ ಬರುತ್ತೇನೆ ಎನ್ನುತ್ತಾರೆ, ಯಾರೂ ಬರುವುದಿಲ್ಲ.

ಪಂಪ್ ಓಡಿ ಬಂದ. "ದೊಡ್ಡಮ್ಮ, ಪಟ್ಟಿಲಿದ್ದ ಹಾಗೇ ಹೇಳ್ದೆ. ಒಂದಕ್ಷರ ತಪ್ಪಿಲ್ಲ!"

ತಪ್ಪಿಲ್ಲ. ಅವನದಲ್ಲ.

'ನಾನು ಮೊದಲೇ ಹೇಳಿದ್ದೆ' ಎಂದು ಸೊಸೆ ಅನ್ನಬಹುದಿತ್ತು. ಅನ್ನಲಿಲ್ಲ. ಅದೇ ಚುಚ್ಚುತ್ತಿದೆ.

ಮಾರ್ಚ್ 20. ಬೆಳಿಗ್ಗೆ 7.

ಒಂಬತ್ತಕ್ಕೆ ಹೊರಡುತ್ತಾರಂತೆ. ನಲವತ್ತು ವರ್ಷ ಈ ಮನೆ ನಡೆಸಿದ್ದೇನೆ. 'ತಪ್ಪಾಯಿತು' ಎಂದು ಯಾರ ಮುಂದೆಯೂ ಅಂದವಳಲ್ಲ. ನನ್ನ ಇಪ್ಪತ್ತೈದು ವಾಕ್ಯದಲ್ಲೂ ಅದಿಲ್ಲ. ಈಗ ನೋಡಿದೆ.

ಅದೇ ದಿನ, 11.30.

ಸೊಸೆಯನ್ನು ಕರೆದುಕೊಂಡು ಮೇಲೆ ಹೋದೆ. "ನಾನು ಹೇಳ್ತೀನಿ, ನೀನು ಇಂಗ್ಲಿಷಿಗೆ ಹಾಕು. ಮೆತ್ತಗೆ ಮಾಡ್ಬೇಡ."

ಹೇಳಿದೆ: ತಪ್ಪು ಬೀದಿಯವರದಲ್ಲ. ಪಟ್ಟಿ ಬರೆದವಳು ನಾನು. ನಮ್ಮಲ್ಲಿ ಹೊಸಿಲು ದಾಟುವವರು 'ಹೋಗ್ತೀನಿ' ಎನ್ನುವುದಿಲ್ಲ. ಜಗಳವಾಡಿ ಎದ್ದವನೂ 'ಬರ್ತೀನಿ' ಎಂದೇ ಹೊರಡುತ್ತಾನೆ. ಈಗಲೇ ಬರುತ್ತೇನೆ ಎಂದಲ್ಲ. ನಮ್ಮ ನಿಮ್ಮ ಸಂಬಂಧ ಇಲ್ಲಿಗೇ ಮುಗಿಯದಿರಲಿ ಎಂದು. ನಿಮ್ಮನ್ನು ಕಾಯಿಸಿದ್ದು ತಪ್ಪಾಯಿತು.

ಬಂತು ಆ ಮಾತು. ಪ್ರಾಣವೇನೂ ಹೋಗಲಿಲ್ಲ.

ಸೊಸೆ ಇಂಗ್ಲಿಷಿಗೆ ಹಾಕಿದಳು. ನಾನು ಹೇಳಿದ್ದಕ್ಕಿಂತ ಉದ್ದವಾಯಿತು. ಅವರಿಬ್ಬರೂ ನನ್ನನ್ನು ನೋಡಿ ನಕ್ಕುಬಿಟ್ಟರು.

"ಏನಂದೆ?"

"ನೀವು ಹೇಳಿದ್ದೇ ಅತ್ತೆ."

"ನಾನು ಅಷ್ಟುದ್ದ ಹೇಳ್ಲಿಲ್ಲ."

"ನಮ್ಮತ್ತೆಗೆ ಬರಮಾಡಿಕೊಳ್ಳೋದು ಬರುತ್ತೆ, ಕಳಿಸಿಕೊಡೋದು ಬರಲ್ಲ ಅಂತಲೂ ಸೇರಿಸಿದೆ."

"ಹಾಲು ಉಕ್ಕೀತು, ನೋಡು" ಎಂದೆ. ಹಾಲು ಇಟ್ಟೇ ಇರಲಿಲ್ಲ.

ಆ ಹೆಂಗಸು 'ಬರ್ತೀನಿ' ಎನ್ನುವುದನ್ನು ಕೇಳಿ ಕಲಿತಳು. ಇಬ್ಬರಿದ್ದರೆ 'ಬರ್ತೀವಿ' ಎಂದು ಸೊಸೆ ತಿದ್ದಿದಳು. ಹೊಳೆ ಸುತ್ತಿಸಿ ಕಳಿಸಲು ದೋಣಿಯವನನ್ನು ಕರೆಸಿದೆ. ಕಟ್ಟೆಯವರೆಗೆ ನಡೆಯುವಾಗ ಪ್ರತಿ ಅಂಗಡಿಯ ಮುಂದೆ ನಿಂತು 'ಬರ್ತೀವಿ, ಬರ್ತೀವಿ' ಎಂದರು. ಬೀದಿಗೆ ಬೀದಿಯೇ ಎದ್ದು ನಿಂತು 'ಬನ್ನಿ' ಎಂದಿತು. ಅದನ್ನು ನಾನು ಕಲಿಸಿರಲಿಲ್ಲ.

ಏಪ್ರಿಲ್ 9

ಇಲಾಖೆಯ ಕಾಗದ ಬಂತು. ಲಾಂಚ್ ನಮ್ಮ ಕಟ್ಟೆಗೆ!

ಪಂಪ್ ಬೀದಿಯ ಸೈಕಲ್ ಬೆಲ್ಲುಗಳನ್ನೆಲ್ಲ ಬಾರಿಸಿದ. 'ಮುಖದಲ್ಲಿ ನಗು' ಐದಕ್ಕೆ ಎರಡು. ಅನ್ಯಾಯ. ಇರಲಿ.

ಹೊಸ ಪಟ್ಟಿ ಸೊಸೆ ಬರೆದಳು. ಇಪ್ಪತ್ತಾರು ವಾಕ್ಯ. 'ಸಾರಿ' ಸೇರಿದೆ. ಹೊರಡುವ ಮಾತಿಗೆ ಮಾತ್ರ ಇಂಗ್ಲಿಷ್ ಇಲ್ಲ. 'ಬರ್ತೀನಿ' ಎಂದೇ ಬರೆದು, ಅದರ ಅರ್ಥ ವಿವರಿಸಿ, ಪ್ರತಿ ಕೋಣೆಯ ಬಾಗಿಲಿಗೆ ಅಂಟಿಸಿದ್ದಾಳೆ. ಅಕ್ಷರ ದುಂಡಗಿದೆ. ಚೆನ್ನಾಗಿದೆ ಎಂದು ಹೇಳಿಯೂಬಿಟ್ಟೆ. ಬೆಚ್ಚಿಬಿದ್ದಳು.

ಏಪ್ರಿಲ್ 21. ಬೆಳಿಗ್ಗೆ 9.40.

ಹತ್ತಕ್ಕೆ ಮೊದಲ ಲಾಂಚ್. ಬೆಡ್‌ಶೀಟ್ ಸೊಸೆಯೇ ಮಡಚಿದಳು. ನಾನು ಬಿಚ್ಚಲಿಲ್ಲ. ಕ್ಷೌರದವನು ಬಿಳಿ ಕೋಟು ಹಾಕಿ ಡಾಕ್ಟರ ಹಾಗೆ ನಿಂತಿದ್ದಾನೆ. ಕನ್ನಡಿ ಮುಂದೆ ಒಂದು ನಿಮಿಷ ನಗುವ ಅಭ್ಯಾಸ ಮಾಡಿದೆ. ಪಂಪ್ ಹೇಳಿದ್ದು ನಿಜ. ಕೈಬಿಟ್ಟೆ.

ಸೀಟಿ! ತಿರುವಿಗೆ ಬಂದಿರಬೇಕು. ಕೆಳಗಿನಿಂದ ಸೊಸೆ ಕೂಗುತ್ತಿದ್ದಾಳೆ — "ಅತ್ತೆ, ಬೇಗ! ಆ ದೊಡ್ಡ ಬೂಟಿನವರು, ಲಾಂಚಲ್ಲಿ ಮುಂದೇನೇ ನಿಂತಿದ್ದಾರೆ!"

ಬಂದೇಬಿಟ್ಟರೇ! ನನಗಿಲ್ಲಿ ಒಬ್ಬಳಿಗೇ ನಗು... ಇಲಾಖೆಯ ಆ ಹುಡುಗಿ ಫಾರ್ಮ್ ಹಿಡಿದು ಈಗ ಬರಬೇಕಿತ್ತು. ಸೊಸೆ ಮತ್ತೆ ಕೂಗುತ್ತಿದ್ದಾಳೆ. ಬರ್ತೀನಿ —